ಲಾಭ ಸಾವಿರದ ಲಾಭ ರೂಪಾಯಿ ಮಾತ್ರ

ಒಬ್ಬ ಮನುಷ್ಯ ನಿಜವಾಗಿ ಯಾವ ಭಾಷೆಯವನು ಎಂದು ತಿಳಿಯಬೇಕಾದರೆ ಅವನ ಮಾತು ಕೇಳಿ ಪ್ರಯೋಜನವಿಲ್ಲ. ಕೈಗೊಂದು ನೋಟಿನ ಕಟ್ಟು ಕೊಟ್ಟು ಅವನ ತುಟಿ ನೋಡಬೇಕು. ಈ ಪರೀಕ್ಷೆಯಲ್ಲಿ ನಾನು ಹುಟ್ಟಾ ನಪಾಸು. ನಾನು ಕನಸು ಕಾಣುವುದು ಕನ್ನಡದಲ್ಲಿ, ಜಗಳ ಆಡುವುದು ಕನ್ನಡದಲ್ಲಿ, ಹಲ್ಲುನೋವಿಗೆ ನರಳುವುದೂ ಕನ್ನಡದಲ್ಲಿಯೇ. ನಮ್ಮವ್ವ ನನಗೆ ಬಿಟ್ಟುಹೋದ ಆಸ್ತಿಯೆಂದರೆ ಮೂರು ತಾಮ್ರದ ಕೊಡ ಮತ್ತು ಬಾಯಿ ತುಂಬ ಕನ್ನಡ. ಆದರೆ ಎಣಿಸಲು ಕುಳಿತೆನೆಂದರೆ ನನ್ನೊಳಗಿನಿಂದ ಬೇರೆ ಯಾರೋ ಎದ್ದು "ಏಕ್, ದೋನ್, ತೀನ್" ಎಂದು ಶುರುಮಾಡಿಬಿಡುತ್ತಾನೆ. ಇದಕ್ಕೆ ಕಾರಣ ನಿಪ್ಪಾಣಿಯಲ್ಲಿ ನಮ್ಮ ಮನೆಗೆ ಹತ್ತಿರವಿದ್ದ ಸಾಲೆ. ಅದು ಮರಾಠಿ ಸಾಲೆ. ಕನ್ನಡ ಸಾಲೆಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕಿತ್ತು, ನಮ್ಮವ್ವನಿಗೆ ಭಾಷೆಗಿಂತ ಲಾರಿಯ ಭಯ ಹೆಚ್ಚು. ಅಲ್ಲಿಯ ಗುರುಗಳು ಬೆತ್ತ ಹಿಡಿದು ಮಗ್ಗಿ ಹೇಳಿಸುತ್ತಿದ್ದರು. ಬರೀ ಎರಡರ ಮೂರರ ಮಗ್ಗಿಯಲ್ಲ, ಕಾಲಿನ ಮಗ್ಗಿ, ಅರ್ಧದ ಮಗ್ಗಿ, ಮುಕ್ಕಾಲಿನ ಮಗ್ಗಿ, ಒಂದೂವರೆಯ ಮಗ್ಗಿ. ಐದನೇ ಇಯತ್ತೆಗೆ ಚಿಕ್ಕೋಡಿಗೆ ಬಂದು ಕನ್ನಡ ಸಾಲೆ ಸೇರಿದ ಮೇಲೆ ಓದು ಬರಹ ಎಲ್ಲ ಕನ್ನಡವಾಯಿತು. ಎಣಿಕೆ ಮಾತ್ರ ಬರಲಿಲ್ಲ. ಪುಸ್ತಕದಲ್ಲಿ ಕಲಿತದ್ದನ್ನು ಬದಲಿಸಬಹುದು, ಬೆನ್ನ ಮೇಲೆ ಕಲಿತದ್ದನ್ನು ಬದಲಿಸುವುದು ಕಷ್ಟ.

ಇದರಿಂದ ಅಂಥ ತೊಂದರೆಯೇನು ಎಂದು ನೀವು ಕೇಳಬಹುದು. ತೊಂದರೆ ಇದೆ. ಮರಾಠಿಯಲ್ಲಿ ಇಪ್ಪತ್ತೈದಕ್ಕೆ ಪಂಚವೀಸ ಎನ್ನುತ್ತಾರೆ, ಅಂದರೆ ಐದು ಮುಂದೆ, ಇಪ್ಪತ್ತು ಹಿಂದೆ. ಕನ್ನಡದಲ್ಲಿ ಇಪ್ಪತ್ತು ಯಜಮಾನನಂತೆ ಮುಂದೆ ನಡೆಯುತ್ತದೆ, ಐದು ಅದರ ಬೆನ್ನಿಗೆ. ಮದುವೆಯಾದ ಹೊಸತರಲ್ಲಿ ಸುಮಿತ್ರಾ ಇಪ್ಪತ್ತೈದು ಬಾಳೆಹಣ್ಣು ತರಲು ಹೇಳಿದಳು. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ "ಪಂಚವೀಸ, ಪಂಚವೀಸ" ಎಂದು ಗಟ್ಟಿಮಾಡಿಕೊಂಡು ಹೋದೆ. ಅಂಗಡಿಯ ಮುಂದೆ ನಿಂತು ಅದನ್ನು ತಿರುಗಿ ಕನ್ನಡ ಮಾಡುವಾಗ ಐದು ಮುಂದೆ ಬಂದು ಐವತ್ತೆರಡಾಯಿತು. ಐವತ್ತೆರಡು ಬಾಳೆಹಣ್ಣು ಹೊತ್ತು ಮನೆಗೆ ಬಂದೆ. ಸುಮಿತ್ರಾ ಗೋಕಾಕದ ಕಡೆಯವಳು, ಚಿಕ್ಕೋಡಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರು. ಅವಳ ಮುಂದೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಅಗ್ಗಕ್ಕೆ ಕೊಟ್ಟರು ಎಂದೆ. ನಾಲ್ಕು ದಿನ ಇಬ್ಬರೂ ಬಾಳೆಹಣ್ಣು ತಿಂದೆವು. ಐದನೆಯ ದಿನ ಅವಳು ಇನ್ನು ಮುಂದೆ ಸಂತೆಗೆ ತಾನೇ ಹೋಗುವುದಾಗಿ ಹೇಳಿದಳು.

ನಾನು ಕೆಲಸ ಮಾಡುತ್ತಿದ್ದದ್ದು ಚಿಕ್ಕೋಡಿಯ ಒಂದು ಹುಟ್ಟುವಳಿ ಮಾರಾಟದ ಸಹಕಾರಿ ಸಂಘದಲ್ಲಿ. ರೈತರ ಜೋಳ, ಗೋವಿನಜೋಳ, ಶೇಂಗಾ ತೂಗಿ ಕೊಳ್ಳುವುದು, ಮಾರುವುದು, ವರ್ಷದ ಕೊನೆಗೆ ಸದಸ್ಯರಿಗೆ ಲಾಭಾಂಶದ ಚೆಕ್ಕು ಹಂಚುವುದು ಅದರ ಕೆಲಸ. ಚೆಕ್ಕು ಬರೆಯುವ ಕಾರಕೂನ ನಾನು. ಆಗೆಲ್ಲ ಮೊತ್ತವನ್ನು ಅಕ್ಷರದಲ್ಲಿ ಇಂಗ್ಲಿಷಿನಲ್ಲಿಯೇ ಬರೆಯುವ ರೂಢಿ, ಕೊನೆಗೆ "ಓನ್ಲಿ" ಎಂದು ಒಂದು ಬಾಲ. ಒಮ್ಮೆ ಕಾಗವಾಡದ ರಾಮಗೌಡ ಅಜ್ಜ ತನ್ನ ಚೆಕ್ಕು ಹಿಡಿದುಕೊಂಡು ಬಂದು ಕಡೆಯ ಶಬ್ದದ ಅರ್ಥ ಕೇಳಿದ. ಅವನು ನಮ್ಮ ಸಂಘದ ಎಲ್ಲರಿಗಿಂತ ಹಿರಿಯ ಸದಸ್ಯ, ಕಾಗದದ ಮೇಲಿನ ಪ್ರತಿ ಗೆರೆಗೂ ವಿವರಣೆ ಬೇಕು. ನಾನು "ಮಾತ್ರ" ಅಂತ ಅರ್ಥ ಎಂದು ಹೇಳಿದೆ.

"ಅಂದ್ರ ಇಷ್ಟ ಕಮ್ಮಿ ಕೊಡಾಕತ್ತೀವಿ ಅಂತ ನೀವ ಬರದ ಕೊಟ್ಟಂಗಾತಲ್ಲೋ ತಮ್ಮಾ," ಎಂದ ಅಜ್ಜ.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಸಂಘಕ್ಕೆ ಎರಡು ಸಂಗತಿ ಒಟ್ಟಿಗೇ ಬಂದವು. ಒಂದು, ವ್ಯವಹಾರವೆಲ್ಲ ಇನ್ನು ಕನ್ನಡದಲ್ಲೇ ಆಗಬೇಕೆಂಬ ಆದೇಶ. ಇನ್ನೊಂದು, ಕಂಪ್ಯೂಟರು. ಕಂಪ್ಯೂಟರಿಗೆ ಒಂದು ಖೋಲಿ, ಖೋಲಿಗೆ ಒಂದು ಪರದೆ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕೆಂಬ ನಿಯಮ, ಇಷ್ಟೆಲ್ಲ ಆಯಿತು. ಸೆಕ್ರೆಟರಿ ಸಾಹೇಬರು ನನ್ನನ್ನು ಕರೆದು, ಈ ವರ್ಷದ ಲಾಭಾಂಶದ ಚೆಕ್ಕುಗಳನ್ನು ಕಂಪ್ಯೂಟರೇ ಬರೆಯಬೇಕು, ಅಂಕಿಯನ್ನು ನೋಡಿ ಅದೇ ಕನ್ನಡ ಅಕ್ಷರದಲ್ಲಿ ಮೊತ್ತ ಹೇಳಬೇಕು, ಪ್ರೋಗ್ರಾಮು ಬರೆಯಲು ಕೊಲ್ಹಾಪುರದಿಂದ ಒಬ್ಬರು ಬರುತ್ತಾರೆ, ಅವರಿಗೆ ಕನ್ನಡ ಬಾರದು, ಕನ್ನಡ ಎಣಿಕೆ ಗೊತ್ತಿದ್ದವರು ಜೊತೆಗೆ ಕೂರಬೇಕು, ಯಾರು ಕೂರುತ್ತೀರಿ ಎಂದು ಕೇಳಿದರು. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ಒಂದು ವಿದ್ಯೆ. ನಾನು ಆ ವಿದ್ಯೆ ಕಲಿತಿಲ್ಲ.

"ಕನ್ನಡ ಎಣಿಕಿ ನನಗ ಬಿಡ್ರಿ," ಎಂದುಬಿಟ್ಟೆ.

ಸೆಕ್ರೆಟರಿ ಸಂತೋಷಪಟ್ಟರು. ಸಂತೋಷದ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. ತೆಲಸಂಗದಲ್ಲಿ ಸಂಘದ ಹೊಸ ಗೋದಾಮು ತೆರೆಯುವುದಿತ್ತು, ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಈ ಕೆಲಸ ಸರಿಯಾಗಿ ಆದರೆ ನೀವು ಇಲ್ಲಿ ಕಂಪ್ಯೂಟರ್ ಖೋಲಿಯಲ್ಲಿ ಫ್ಯಾನಿನ ಕೆಳಗೆ, ಆಗದಿದ್ದರೆ ತೆಲಸಂಗದಲ್ಲಿ ಚೀಲಗಳ ನಡುವೆ ಎಂದರು. ಈಗ ತೆಲಸಂಗ ಕೆಟ್ಟ ಊರೇನಲ್ಲ. ಆದರೆ ಅದು ಅಥಣಿ ದಾಟಿ ವಿಜಾಪುರದ ದಾರಿಯಲ್ಲಿದೆ. ಸುಮಿತ್ರಾಳ ಸಾಲೆ ಚಿಕ್ಕೋಡಿಯಲ್ಲಿ, ನಮ್ಮ ಬಾಡಿಗೆ ಮನೆ ಚಿಕ್ಕೋಡಿಯಲ್ಲಿ, ನನ್ನ ಊಟ ಚಿಕ್ಕೋಡಿಯಲ್ಲಿ. ಅದಕ್ಕಿಂತ ಹೆಚ್ಚಿನ ಭಯ ಬೇರೆ ಇತ್ತು. ಆ ಕಡೆಯವರದು ಅಪ್ಪಟ ಕನ್ನಡ. ಅಲ್ಲಿ ಹೋಗಿ ಚೀಲ ಎಣಿಸಲು ನಿಂತರೆ ನನ್ನ ಬಣ್ಣ ಒಂದೇ ದಿನದಲ್ಲಿ ಬಯಲಾಗುತ್ತಿತ್ತು.

ಪ್ರೋಗ್ರಾಮು ಬರೆಯಲು ಬಂದವನ ಹೆಸರು ಶಿರೀಷ. ತೆಳ್ಳಗಿನ ಮನುಷ್ಯ, ಚಹಾ ಬಿಟ್ಟರೆ ಬೇರೆ ಆಹಾರವೇ ಇರಲಿಲ್ಲ. ಡೇಟಾಬೇಸ್ ಎಂದರೇನು ಎಂದು ನಾನು ಕೇಳಿದಾಗ, ಗೂಡುಗಳಿರುವ ಕಪಾಟು ಅಂದುಕೊಳ್ಳಿ ಎಂದ. ಒಂದೊಂದು ಗೂಡಿಗೆ ಒಂದು ಅಂಕಿ, ಅದರೊಳಗೆ ಆ ಅಂಕಿಯ ಹೆಸರು. ಮೊತ್ತವನ್ನು ಬಲಗಡೆಯಿಂದ ಕತ್ತರಿಸುತ್ತ ಹೋಗುವುದು: ಕಡೆಯ ಎರಡು ಅಂಕಿ, ಆಮೇಲೆ ನೂರು, ಆಮೇಲೆ ಸಾವಿರದ ಎರಡು ಅಂಕಿ, ಲಕ್ಷದ ಎರಡು ಅಂಕಿ. ಪ್ರತಿ ತುಂಡಿಗೂ ಆಯಾ ಗೂಡಿನ ಹೆಸರು ತೆಗೆದು ಜೋಡಿಸಿದರೆ ಮುಗಿಯಿತು. ಹಾಗಾದರೆ ಎಷ್ಟು ಶಬ್ದ ಬೇಕು ಎಂದು ನಾವಿಬ್ಬರೂ ಲೆಕ್ಕ ಹಾಕಿದೆವು. ಒಂದರಿಂದ ತೊಂಬತ್ತೊಂಬತ್ತರವರೆಗೆ ತೊಂಬತ್ತೊಂಬತ್ತು, ನೂರುಗಳು ಒಂಬತ್ತು, ಸಾವಿರ, ಲಕ್ಷ. ಒಟ್ಟು ನೂರಾಹತ್ತು. ನನಗೆ ರೋಮಾಂಚನವಾಯಿತು. ಚಿಕ್ಕೋಡಿಯಿಂದ ರಾಯಬಾಗದವರೆಗೆ ಜನ ಬಡಿದಾಡುವ, ಮಾತು ಬಿಡುವ, ಕೋರ್ಟಿಗೆ ಹೋಗುವ ಹಣವೆಲ್ಲ ನೂರಾಹತ್ತು ಶಬ್ದಗಳಲ್ಲಿ ಮುಗಿದುಹೋಗುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಶಿರೀಷನಿಗೆ ಒಂದು ಚಟ. ಏನು ಹೇಳಿದರೂ "ಅಸಂ ಕಾ?" ಎಂದು ಕೇಳುತ್ತಿದ್ದ, ಯಾಕೆ ಹಾಗೆ ಎಂದು ಅರ್ಥ. ನೂರುಗಳಿಗೆ ಬೇರೆ ಗೂಡು ಯಾಕೆ, ಎರಡು ಮತ್ತು ನೂರು ಸೇರಿಸಿದರೆ ಎರಡು ನೂರು ಆಗುವುದಿಲ್ಲವೇ ಎಂದು ಕೇಳಿದ. ಆಗುವುದಿಲ್ಲ, ಇನ್ನೂರು ಆಗುತ್ತದೆ ಎಂದೆ. ಅಸಂ ಕಾ? ಮೂರಕ್ಕೆ ಮುನ್ನೂರು, ನಾಲ್ಕಕ್ಕೆ ನಾನೂರು. ನಾಲ್ಕರ ಅರ್ಧ ಎಲ್ಲಿ ಹೋಯಿತು? ಐನೂರಿನಲ್ಲಿ ಐದರ ದು ಎಲ್ಲಿ ಬಿತ್ತು? ಹಾಗೆ ಸಿಕ್ಕವರನ್ನೆಲ್ಲ ಮುರಿಯುತ್ತ ಬಂದ ನೂರು, ಆರರ ಮುಂದೆ ಬಂದು ಯಾಕೆ ತಣ್ಣಗಾಗಿ ಆರುನೂರು, ಏಳುನೂರು, ಎಂಟುನೂರು ಎಂದು ಪೂರ್ತಿ ಮರ್ಯಾದೆ ಕೊಡುತ್ತದೆ? ಮತ್ತೆ ಒಂಬತ್ತಕ್ಕೆ ಬಂದು ಯಾಕೆ ಒಂಬೈನೂರಾಗುತ್ತದೆ? ನಲವತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಶಬ್ದಗಳನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದೆ. ಸಾವಿರದ್ದು ಇನ್ನೂ ಚೆಂದ. ಅದರ ಬೆನ್ನ ಹಿಂದೆ ಏನೂ ಇಲ್ಲದಿದ್ದರೆ ಬರೀ ಸಾವಿರ. ಒಂದೇ ಒಂದು ರೂಪಾಯಿ ಇದ್ದರೂ "ಸಾವಿರದ" ಎಂದು ಕೈ ಚಾಚಿ ಅದನ್ನು ಹಿಡಿದುಕೊಳ್ಳುತ್ತದೆ. ನೂರು ಕೂಡ ಹಾಗೆಯೇ, ನೂರಾ ಆಗಿ ಹಿಂದಿನವನಿಗೆ ದಾರಿ ಮಾಡುತ್ತದೆ. ಅಂದರೆ ಪ್ರತಿ ಶಬ್ದವೂ ಬಾಯಿ ತೆರೆಯುವ ಮುಂಚೆ ಒಮ್ಮೆ ಹಿಂತಿರುಗಿ ನೋಡಬೇಕು ಎಂದು ಶಿರೀಷನಿಗೆ ಹೇಳಿದೆ. ಈ ನಿಯಮ ಅವನಿಗೆ ಬಹಳ ಹಿಡಿಸಿತು. ತನ್ನ ಹೆಂಡತಿಯೂ ಇದನ್ನೇ ಹೇಳುತ್ತಾಳೆ ಎಂದ.

ನಿಯಮಗಳ ಮಟ್ಟಿಗೆ ಪಂಡಿತನಾದೆ, ಸರಿ. ಆದರೆ ಗೂಡು ತುಂಬಲು ತೊಂಬತ್ತೊಂಬತ್ತು ಹೆಸರು ಸಾಲಾಗಿ ಬೇಕಲ್ಲ. ಹತ್ತರವರೆಗೆ ಸಲೀಸು, ಇಪ್ಪತ್ತರವರೆಗೆ ಎಳೆದಾಡಿಕೊಂಡು ಹೋಗಬಲ್ಲೆ. ಅಲ್ಲಿಂದ ಮುಂದೆ ಅರವತ್ತೇಳು ಯಾವುದು ಎಪ್ಪತ್ತಾರು ಯಾವುದು ಎಂದು ತಲೆಯಲ್ಲಿ ಗುದ್ದಾಟ. ಸುಮಿತ್ರಾಳನ್ನು ಕೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಕನ್ನಡ ಟೀಚರಿನ ಮುಂದೆ ಆಕೆಯ ಗಂಡ ಹೋಗಿ, ಇಪ್ಪತ್ತರ ಮುಂದೆ ಏನು ಬರುತ್ತದೆ ಹೇಳು ಎಂದು ಕೇಳುವುದುಂಟೇ? ಬಾಳೆಹಣ್ಣಿನ ಕಥೆ ಕೂಡಲೇ ಹೊರಗೆ ಬೀಳುತ್ತಿತ್ತು. ಬಸ್ ಸ್ಟ್ಯಾಂಡಿನ ಬಳಿಯ ಪುಸ್ತಕದ ಅಂಗಡಿಗೆ ಹೋಗಿ ಮೆಲ್ಲಗೆ ಅಂಕಲಿಪಿ ಕೇಳಿದೆ. ಅಂಗಡಿಯವರು ಮುಖ ಅರಳಿಸಿಕೊಂಡು, ಮನೆಯಲ್ಲಿ ಸಿಹಿ ಸುದ್ದಿಯೇನು ಎಂದು ವಿಚಾರಿಸಿದರು. ನಮಗಿನ್ನೂ ಮಕ್ಕಳಾಗಿರಲಿಲ್ಲ. ಇವರ ಬಾಯಿಗೆ ಬಿದ್ದ ಸುದ್ದಿ ನಾನು ಮನೆ ಮುಟ್ಟುವ ಮುಂಚೆ ಸುಮಿತ್ರಾಳ ಸಾಲೆ ಮುಟ್ಟುತ್ತದೆ ಎಂದು ಹೆದರಿ ಒಂದು ಶಾಯಿಯ ಬಾಟಲಿ ಕೊಂಡು ಓಡಿಬಂದೆ.

ಆಗ ನನಗೆ ನೆನಪಾದವನು ಭರಮಣ್ಣ. ನಮ್ಮ ಸಂಘದ ತೂಕದವನು, ಹಾರೂಗೇರಿ ಕಡೆಯ ಜೈನರ ಮನೆತನದವನು, ಮೂವತ್ತು ವರ್ಷದಿಂದ ತೂಕದ ಕಾಟಾದ ಪಕ್ಕದಲ್ಲಿ ನಿಂತು ಚೀಲ ಎಣಿಸುವುದೇ ಕೆಲಸ. ಅವನ ಎಣಿಕೆ ಒಂದು ಹಾಡು. ಒಂದು ಚೀಲದ ಸಂಖ್ಯೆಯನ್ನು ಮುಂದಿನ ಚೀಲ ಬರುವವರೆಗೆ ಎಳೆಯುತ್ತಾನೆ, ನಡುವೆ ಯಾರಾದರೂ ಮಾತಿಗೆಳೆದರೆ ಲೆಕ್ಕ ತಪ್ಪಬಾರದು ಎಂದು. ಗೋವಿನಜೋಳದ ನೂರಕ್ಕೂ ಹೆಚ್ಚು ಚೀಲ ಲಾರಿಗೆ ಏರುವ ದಿನ ನೋಡಿ ನಾನು ನೋಟ್‌ಬುಕ್ಕು ಹಿಡಿದು ಅವನ ಬಳಿ ಹೋಗಿ ಕುಳಿತೆ. ಸ್ಟಾಕು ತಪಾಸಣೆ ಎಂದು ಸುಳ್ಳು ಹೇಳಿದೆ. ಪೆನ್ನಿನ ಟೋಪಿ ತೆಗೆಯುವಷ್ಟರಲ್ಲಿ ಹಮಾಲರು ಮೊದಲ ಚೀಲ ಎತ್ತಿಯೇಬಿಟ್ಟಿದ್ದರು. ಗಡಿಬಿಡಿಯಲ್ಲಿ ಕಿವಿಗೆ ಬಿದ್ದದ್ದನ್ನು ಹಾಗೇ ಗೀಚುತ್ತ ಹೋದೆ. ಹನ್ನೊಂದನೆಯ ಚೀಲದ ಹೊತ್ತಿಗೆ ಕೈ ಕುದುರಿತು. ನಂತರ ಒಂದೊಂದು ಶಬ್ದವನ್ನೂ ಭಕ್ತಿಯಿಂದ ಬರೆದುಕೊಂಡೆ. ಅವನು ಗಂಟಲಲ್ಲಿ ನುಂಗಿದ ಅಕ್ಷರಗಳನ್ನು ಸೇರಿಸಿ, ಎಳೆದ ಅಕ್ಷರಗಳನ್ನು ಕತ್ತರಿಸಿ, ತೊಂಬತ್ತೊಂಬತ್ತರ ಕೆಳಗೆ ಎರಡು ಗೆರೆ ಎಳೆದು ಎದ್ದೆ. ಭರಮಣ್ಣ ನನ್ನನ್ನು ಒಂದು ಥರ ನೋಡಿ ನೂರನೆಯ ಚೀಲಕ್ಕೆ ತಿರುಗಿದ.

ಮರುದಿನ ಗೂಡು ತುಂಬುವ ಕೆಲಸ. ಆ ಯಂತ್ರದಲ್ಲಿ ಕನ್ನಡ ಅಕ್ಷರ ಮೂಡಿಸುವುದು ಈಗಿನಷ್ಟು ಸುಲಭವಿರಲಿಲ್ಲ. ಯಾವ ಕೀಲಿಯ ಕೆಳಗೆ ಯಾವ ಅಕ್ಷರ ಅಡಗಿದೆ ಎಂದು ಒಂದು ಚೀಟಿ ನೋಡಿ, ಒಂದೇ ಬೆರಳಿನಿಂದ ಒತ್ತಬೇಕು. ಹೀಗೆ ಒತ್ತುವವನಿಗೆ ಅಕ್ಷರ ಕಾಣುತ್ತದೆ, ಶಬ್ದ ಕಾಣುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಒತ್ತಿದೆ. ಶಿರೀಷ ಇಡೀ ಪಟ್ಟಿ ಅಚ್ಚು ಹಾಕಿ ಕೊಟ್ಟು ಪರಿಶೀಲಿಸಲು ಹೇಳಿದ. ಒಂದರಿಂದ ಹತ್ತರವರೆಗೆ ನೋಡುವುದು ನನ್ನ ಗೌರವಕ್ಕೆ ಕಡಿಮೆ ಎನ್ನಿಸಿ ಹನ್ನೊಂದರಿಂದ ಶುರುಮಾಡಿದೆ. ಎಲ್ಲ ಸರಿಯಾಗಿತ್ತು. ಆಮೇಲೆ ಕಂಪ್ಯೂಟರಿಗೆ ಪರೀಕ್ಷೆ ಇಟ್ಟೆವು. ನಾನು ಕೊಟ್ಟದ್ದೆಲ್ಲ ಕಠಿಣ ಪ್ರಶ್ನೆಗಳೇ: ನಾಲ್ಕು ಸಾವಿರದ ನಾನೂರಾ ನಲವತ್ನಾಲ್ಕು, ತೊಂಬತ್ತು ಸಾವಿರದ ಒಂಬೈನೂರಾ ಒಂಬತ್ತು. ಕಂಪ್ಯೂಟರು ತಡವರಿಸದೆ ಹೇಳಿತು. ನನಗಿಂತ ಚೆನ್ನಾಗಿ ಕನ್ನಡ ಎಣಿಸುವ ಯಂತ್ರವನ್ನು ನಾನೇ ತಯಾರು ಮಾಡಿದ್ದೆ. ಆ ಸಂಜೆ ಸುಮಿತ್ರಾಳಿಗೆ ಸಾವಿರ ಹಿಂತಿರುಗಿ ನೋಡುವ ನಿಯಮ ವಿವರಿಸಿದೆ. ಅವಳು ಬೆರಗಾಗಿ, ನಿಮಗೆ ಇಷ್ಟು ಕನ್ನಡ ಗೊತ್ತಿದೆ ಎಂದು ತಿಳಿದಿರಲಿಲ್ಲ ಎಂದಳು. ನಾನು ವಿನಯದಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನಮ್ಮ ಚೇರಮನ್ನರು ಯಾವುದನ್ನೂ ಸಮಾರಂಭವಿಲ್ಲದೆ ಮಾಡುವವರಲ್ಲ. ಕಂಪ್ಯೂಟರಿಗೆ ಕುಂಕುಮ, ಹೂಮಾಲೆ, ಪ್ರಿಂಟರಿನ ಮುಂದೆ ತೆಂಗಿನಕಾಯಿ. ಹೊರಗೆ ಶಾಮಿಯಾನದಲ್ಲಿ ಸುತ್ತಲಿನ ಐದು ತಾಲೂಕುಗಳ ಸದಸ್ಯರು. ಮೊದಲ ಚೆಕ್ಕನ್ನು ಎಲ್ಲರ ಎದುರಿಗೆ ರಾಮಗೌಡ ಅಜ್ಜನಿಗೆ ಕೊಡುವುದೆಂದು ಠರಾವಾಗಿತ್ತು. ಅಜ್ಜನ ಲಾಭಾಂಶ ಸರಿಯಾಗಿ ಸಾವಿರ ರೂಪಾಯಿ. ಬರೀ ಸಾವಿರ ಕೊಡುವುದು ಶುಭವಲ್ಲ, ತುದಿಗೆ ಸೊನ್ನೆ ಇರಬಾರದು, ಮೇಲೊಂದು ರೂಪಾಯಿ ಹಾಕಿ ಎಂದು ಚೇರಮನ್ನರು ಅದೇ ಬೆಳಿಗ್ಗೆ ಹೇಳಿದರು. ನಾನು ಅಂಕಿ ಬದಲಿಸಿ ಗುಂಡಿ ಒತ್ತಿದೆ. ಪ್ರಿಂಟರು ಕರಕರ ಎಂದಿತು. ಚೇರಮನ್ನರು ತಾವೇ ಚೆಕ್ಕು ಹರಿದುಕೊಂಡು, ನನಗೆ ನೋಡಲೂ ಕೊಡದೆ, ಮೈಕಿನ ಮುಂದೆ ಹೋಗಿ ನಿಂತರು. ಕನ್ನಡ ಓದು ಬರಹ ಕಲಿತ ಕಂಪ್ಯೂಟರು ಇದು, ಇದನ್ನು ಕಲಿಸಿದವರು ನಮ್ಮ ಕಾರಕೂನರು ಎಂದು ನನ್ನತ್ತ ಕೈ ಮಾಡಿದರು. ಚಪ್ಪಾಳೆ ಬಿತ್ತು. ಕನ್ನಡಕ ಏರಿಸಿ, ಒಂದೊಂದೇ ಶಬ್ದ ಬಿಡಿಸಿ ಓದಿದರು.

"ಲಾಭ... ಸಾವಿರದ... ಲಾಭ... ರೂಪಾಯಿ... ಮಾತ್ರ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಮ್ಮ ಕಡೆ ರಾಶಿ ಅಳೆಯುವವರು, ಚೀಲ ಎಣಿಸುವವರು ಮೊದಲನೆಯದಕ್ಕೆ ಎಂದೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಹುಟ್ಟಿದಾಗಿನಿಂದ ಕೇಳಿ ಕೇಳಿ ನನ್ನ ಕಿವಿಗೆ ಲಾಭ ಎಂದರೆ ಒಂದೇ. ಭರಮಣ್ಣ ಮೊದಲ ಚೀಲಕ್ಕೆ ಲಾಭ ಎಂದ, ನಾನು ಲಾಭ ಎಂದು ಬರೆದೆ, ಲಾಭ ಎಂದೇ ಒತ್ತಿದೆ. ಇಪ್ಪತ್ತೊಂದು, ಮೂವತ್ತೊಂದು ಎಲ್ಲಕ್ಕೂ ಬೇರೆ ಬೇರೆ ಗೂಡು. ಮೊದಲನೆಯ ಗೂಡು ಬರೀ ಒಂದು ಸಾವಿರಕ್ಕೆ, ಒಂದು ಲಕ್ಷಕ್ಕೆ, ತುದಿಯ ಒಂಟಿ ಒಂದಕ್ಕೆ ಮಾತ್ರ ತೆರೆಯುತ್ತದೆ. ನನ್ನ ಕಠಿಣ ಪ್ರಶ್ನೆಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಚೇರಮನ್ನರ ಶುಭದ ಮೊತ್ತದಲ್ಲಿ ಎರಡೆರಡು ಇದ್ದವು.

ಸೆಕ್ರೆಟರಿ ಸಾಹೇಬರು ಚೆಕ್ಕು ಇಸಿದುಕೊಂಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಸ್ಪಷ್ಟವಾಗಿ ತೆಲಸಂಗದ ಬಸ್ಸು ಕಾಣಿಸಿತು. ಮಹಿಳೆಯರ ಸಾಲಿನಲ್ಲಿ ಕುಳಿತಿದ್ದ ಸುಮಿತ್ರಾ ತಲೆ ತಗ್ಗಿಸಿದ್ದಳು. ನನಗೆ ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ, ಕಾಟಾದ ಪಕ್ಕದಿಂದ, ಮೈಕು ಬೇಡದ ಒಂದು ದನಿ ಬಂತು.

"ಬರೋಬರಿ ಐತಲ್ರಿ. ಮೊದಲನೇ ಚೆಕ್ಕ ಐತಿ. ಮೊದಲನೇದಕ್ಕ ಯಾರರ ಒಂದು ಅಂತಾರೇನ್ರಿ? ಒಂದು ಅಂದ್ರ ಒಂಟಿ ಆಗತೈತಿ. ಲಾಭ ಅನಬೇಕು."

ಭರಮಣ್ಣನ ಮಾತಿಗೆ ಎರಡು ಮುಂಡಾಸು ಅಲ್ಲಾಡಿದವು, ಆಮೇಲೆ ಹತ್ತು, ಆಮೇಲೆ ಇಡೀ ಶಾಮಿಯಾನ. ಹೌದಲ್ಲ, ಕಂಪ್ಯೂಟರಿಗೂ ರೀತಿ ರಿವಾಜು ಗೊತ್ತಾತಲ್ಲ ಎಂದು ಯಾರೋ ಹೇಳಿದರು. ಲಾಭಾಂಶದ ಚೆಕ್ಕಿನಲ್ಲಿ ಎರಡೆರಡು ಲಾಭ ಎಂದು ಚೇರಮನ್ನರು ಮೈಕಿನಲ್ಲಿ ಅದನ್ನೇ ದೊಡ್ಡದು ಮಾಡಿದರು. ಸೆಕ್ರೆಟರಿ ನನ್ನ ಹತ್ತಿರ ಬಂದು ಕಿವಿಯಲ್ಲಿ, ಇದನ್ನು ಬೇಕೆಂದೇ ಹಾಕಿದಿರೇನು ಎಂದು ಕೇಳಿದರು.

"ಹೌದ್ರಿ," ಎಂದೆ. ನನ್ನ ಜೀವನದಲ್ಲಿ ಇಷ್ಟು ಚಿಕ್ಕ ಶಬ್ದದಲ್ಲಿ ಇಷ್ಟು ದೊಡ್ಡ ಸುಳ್ಳು ಬೇರೆ ಹೇಳಿಲ್ಲ.

ಬ್ಯಾಂಕಿನವರಿಗೆ ರೀತಿ ರಿವಾಜು ನಡೆಯಲಿಲ್ಲ. ಅಂಕಿಗೂ ಅಕ್ಷರಕ್ಕೂ ತಾಳೆ ಬೀಳದಿದ್ದರೆ ಅಕ್ಷರವನ್ನೇ ನಂಬಬೇಕೆಂದು ನಿಯಮವಂತೆ. ಅಂಕಿಗೆ ಯಾರಾದರೂ ಒಂದು ಸೊನ್ನೆ ಸೇರಿಸಬಹುದು, ಅಕ್ಷರಕ್ಕೆ ಸೇರಿಸಲು ಆಗುವುದಿಲ್ಲ. ಅಲ್ಲಿಯ ಅಧಿಕಾರಿ ಸಭ್ಯ ಮನುಷ್ಯ. ಲಾಭ ಎಂದರೆ ನಿಖರವಾಗಿ ಎಷ್ಟು ಎಂದು ತಮಗೆ ಮೇಲಿನವರು ತಿಳಿಸಿಲ್ಲ ಎಂದು ವಿಷಾದದಿಂದ ಚೆಕ್ಕು ಮರಳಿಸಿದರು. ನಾನು ಕಂಪ್ಯೂಟರ್ ಖೋಲಿಗೆ ಹೋಗಿ, ಚಪ್ಪಲಿ ಬಿಟ್ಟು, ಮೊದಲನೆಯ ಗೂಡು ತೆರೆದು, ಲಾಭ ಅಳಿಸಿ ಒಂದು ಎಂದು ಒತ್ತಿದೆ. ಅರ್ಧ ನಿಮಿಷದ ಕೆಲಸ. ಹೊಸ ಚೆಕ್ಕನ್ನು ರಾಮಗೌಡ ಅಜ್ಜನ ಕೈಗಿಟ್ಟೆ. ಅವನು ಮೊಮ್ಮಗಳಿಂದ ಓದಿಸಿ ಕೇಳಿದನಂತೆ. ಮುಂದಿನ ವಾರ ಸಂಘಕ್ಕೆ ಬಂದವನೇ ನನ್ನ ಮೇಜಿನ ಮುಂದೆ ನಿಂತ.

"ಲಾಭ ತಗದ್ರಿ. ಮಾತ್ರ ಹಂಗ ಬಿಟ್ರಿ," ಎಂದು ಅಷ್ಟೇ ಹೇಳಿ ಹೋದ.

ಭರಮಣ್ಣನಿಗೆ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಕಾಟಾದ ಹತ್ತಿರ ಹೋಗಿ, ಅವತ್ತು ನೀನು ನನ್ನ ಮಾನ ಉಳಿಸಿದೆ ಎಂದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತಲಿಲ್ಲ.

"ನೀವು ಮರಾಠಿಯೊಳಗ ಎಣಸ್ತೀರಂತ ನನಗ ಮೊದಲ ಗೊತ್ತೈತ್ರಿ ಸಾಹೇಬ್ರ," ಎಂದ. "ಪಗಾರ ಕೊಡುಮುಂದ ನಿಮ್ಮ ತುಟಿ ನೋಡೇನಿ. ಮೂವತ್ತು ವರ್ಷ ಎಣಿಸಿದವಗ ಅಷ್ಟೂ ತಿಳಿಯೂದಿಲ್ಲೇನ್ರಿ? ನೋಟ್‌ಬುಕ್ ತಗೊಂಡ ಬಂದಾಗ ಹೇಳಬೇಕಿತ್ತು, ಎರಡ ಸಲ ಎಣಿಸ್ತಿದ್ನಿ."

ಅವನು ಯಾರಿಗೂ ಹೇಳಿರಲಿಲ್ಲ, ಹೇಳುವವನೂ ಅಲ್ಲ. ಎಲೆ ಮಡಚುತ್ತ ಅವನೇ, ಆ ಕಂಪ್ಯೂಟರಿನಲ್ಲಿ ಇರುವುದೆಲ್ಲ ತಾನು ಎಣಿಸಿದ್ದೇ ಹೌದೇ ಎಂದು ಕೇಳಿದ. ಹೌದು, ತೊಂಬತ್ತೆಂಟು ನಿನ್ನವೇ, ಮೊದಲನೆಯದನ್ನು ಮಾತ್ರ ಒಂದು ಎಂದು ತಿದ್ದಿದೆ ಎಂದೆ. ಭರಮಣ್ಣ ಎಲೆ ಬಾ‌ಯಿಗಿಟ್ಟುಕೊಂಡು ಯೋಚಿಸಿದ. ಒಂದು ಎಂದರೆ ಮುಂದೆ ಎರಡು ಬರುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು, ಲಾಭ ಎಂದರೆ ಬಂದೇ ಬರುತ್ತದೆ, ಇರಲಿ, ಬ್ಯಾಂಕಿನವರಿಗೆ ಅದು ಹೇಗೆ ತಿಳಿಯಬೇಕು ಎಂದು ಸಮಾಧಾನ ಮಾಡಿಕೊಂಡ. ಅವನಿಗಿಂತ ನನಗೇ ಕೆಡುಕೆನ್ನಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಈಗಲೂ ಚಿಕ್ಕೋಡಿಯ ಫ್ಯಾನಿನ ಕೆಳಗೆ ಕುಳಿತು ಇದನ್ನು ಬರೆಯುತ್ತಿದ್ದೆ. ತಿಂಗಳ ಕೊನೆಗೆ ಸೆಕ್ರೆಟರಿ ಸಾಹೇಬರು ಕರೆಸಿ ಕೈ ಕುಲುಕಿದರು. ತೆಲಸಂಗದ ಗೋದಾಮು ತೆರೆಯುತ್ತಿದೆ, ಅಲ್ಲಿಯ ಜನ ಹಳೆಯ ಪದ್ಧತಿಯವರು, ಅವರ ನಡುವೆ ರೀತಿ ರಿವಾಜು ಬಲ್ಲವರೇ ಇರಬೇಕು, ಕಂಪ್ಯೂಟರಿಗೇ ಲಾಭ ಎನ್ನಲು ಕಲಿಸಿದ ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ತಮಗೆ ತೋಚಲಿಲ್ಲ ಎಂದರು. ಬಡ್ತಿಯೂ ಇತ್ತು. ಕೆಲಸ ಕೆಟ್ಟರೆ ತೆಲಸಂಗ ಎಂದಿದ್ದವರು, ಕೆಲಸ ಒಳ್ಳೆಯದಾಯಿತು ಎಂದು ತೆಲಸಂಗಕ್ಕೆ ಹಾಕಿದರು. ಬೇಡವೆನ್ನಬೇಕಾದರೆ ಆ ಒಂದು "ಹೌದ್ರಿ"ಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಮನೆಗೆ ಬಂದು ಸುಮಿತ್ರಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ: ನಿಪ್ಪಾಣಿಯ ಸಾಲೆ, ಅಂಕಲಿಪಿ, ಭರಮಣ್ಣ, ಐವತ್ತೆರಡು ಬಾಳೆಹಣ್ಣು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಕ್ಕು ಮುಗಿದ ಮೇಲೂ ಕಣ್ಣಲ್ಲಿ ನೀರಿತ್ತು. ಬುತ್ತಿ ಕಟ್ಟಿಕೊಡುತ್ತ, ಅಲ್ಲಿ ಮೊದಲನೆಯದಕ್ಕೆ ಏನು ಅನ್ನಬೇಕು ಎಂದು ನನ್ನಿಂದ ಮೂರು ಸಲ ಹೇಳಿಸಿದಳು.

ತೆಲಸಂಗದ ಹಿರಿಯರಿಗೆ ನನ್ನ ಕೀರ್ತಿ ನನಗಿಂತ ಮೊದಲೇ ಮುಟ್ಟಿತ್ತು. ಗೋದಾಮಿನ ಬಾಗಿಲಿಗೆ ಮಾವಿನ ತೋರಣ, ಕಾಟಾಕ್ಕೆ ಅರಿಷಿಣ ಕುಂಕುಮ, ಬಿಳಿಜೋಳದ ಮೊದಲ ಚೀಲಕ್ಕೆ ಹೂವು. ಮೊದಲ ಎಣಿಕೆ ಹೊಸ ಸಾಹೇಬರ ಬಾಯಿಂದಲೇ ಆಗಬೇಕು, ಅವರ ಬಾಯಿಗುಣ ದೊಡ್ಡದು ಎಂದು ಎಲ್ಲರೂ ಸೇರಿ ನಿರ್ಧರಿಸಿದ್ದರು. ಚಿಕ್ಕೋಡಿಯಿಂದ ಅಲ್ಲಿಯವರೆಗೆ ಬಸ್ಸಿನಲ್ಲಿ ನಾನು ಲಾಭ, ಲಾಭ ಎಂದು ಜಪಿಸುತ್ತಲೇ ಬಂದಿದ್ದೆ. ಪಕ್ಕದ ಸೀಟಿನವರು ನನ್ನನ್ನು ದೊಡ್ಡ ವ್ಯಾಪಾರಿ ಎಂದು ತಿಳಿದು ಸರಿದು ಕುಳಿತಿದ್ದರು. ಹಮಾಲರು ಚೀಲ ಎತ್ತಿದರು. ಎಲ್ಲರೂ ಮಾತು ನಿಲ್ಲಿಸಿ ನನ್ನ ಬಾಯಿ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಕಾಟಾದ ಮೇಲೆ ಕೈಯಿಟ್ಟು, ಇಡೀ ಗೋದಾಮಿಗೆ ಕೇಳುವಂತೆ ಎಣಿಕೆ ಶುರುಮಾಡಿದೆ.

"ಏಕ್."